ಮುಖದ ಜಾಗದಲ್ಲಿ ಗುಲಾಬಿ

ಟೆಹರಾನಿನ ದಕ್ಷಿಣಕ್ಕಿರುವ ಕಾಶಾನ್ ಊರಿನಲ್ಲಿ ಗಂಡಸು ಸತ್ತರೆ ಗೋಡೆಯ ಮೇಲೆ ಅವನ ಮುಖ ಬರುತ್ತದೆ, ಹೆಂಗಸು ಸತ್ತರೆ ಗುಲಾಬಿ ಬರುತ್ತದೆ. ಸಾವಿನ ಸುದ್ದಿಯ ಹಾಳೆ ಅಂಟಿಸುವುದಕ್ಕೆ ಯಾರ ಗೋಡೆಯಾದರೂ ಆದೀತು. ರೊಟ್ಟಿ ಅಂಗಡಿಯ ಪಕ್ಕದ್ದಾದರೆ ಇನ್ನೂ ಒಳ್ಳೆಯದು, ಸರದಿಯಲ್ಲಿ ನಿಂತವರಿಗೆ ಓದುವುದಕ್ಕೆ ಬೇರೇನಿರುತ್ತದೆ? ಗಂಡಸಾದರೆ ಮೀಸೆ, ಗಡ್ಡ, ಪಾಸ್‌ಪೋರ್ಟಿಗೆ ಹಿಡಿಸಿದ ಫೋಟೋದ ಬಿರುಗಣ್ಣು ಎಲ್ಲ ಇರುತ್ತದೆ. ಹೆಂಗಸಾದರೆ ಅದೇ ಚೌಕದಲ್ಲಿ ಒಂದು ಹೂವು. ಜೀವಮಾನವೆಲ್ಲ ಊರಿನ ನಡುವೆ ಓಡಾಡಿ, ತರಕಾರಿಯವನ ಜೊತೆ ಜಗಳವಾಡಿ, ಮದುವೆಗಳಲ್ಲಿ ಕುಣಿದವಳು ಸತ್ತ ದಿನ ಹೂವಾಗಿಬಿಡುತ್ತಾಳೆ. ಮುಖ ತೋರಿಸಿದರೆ ಮರ್ಯಾದೆ ಹೋಗುತ್ತದಂತೆ. ಸತ್ತ ಮೇಲೆ ಅದು ಯಾರ ಮರ್ಯಾದೆ, ಹೋಗುವುದಾದರೂ ಎಲ್ಲಿಗೆ ಎಂದು ಕೇಳಿದವರಿಲ್ಲ.

ಆ ಗುಲಾಬಿ ಬರೆದವಳು ಅನೀಸ್. ಒಂದು ಎಸಳು ಹೊರಕ್ಕೆ ಬಾಗಿ, ಇನ್ನೇನು ಉದುರುತ್ತದೆ ಅನ್ನುವ ಹಾಗಿರುವ ಹೂವು. ಊರಿನಲ್ಲಿ ಅದನ್ನು ನೋಡದವರಿಲ್ಲ. ಬರೆದವಳು ಯಾರೆಂದು ಗೊತ್ತಿದ್ದವರು ಮಾತ್ರ ಬೆರಳೆಣಿಕೆಯಷ್ಟು.

ಅವಳ ಅಪ್ಪ ರತ್ನಗಂಬಳಿಯ ನಕ್ಷೆಗೆ ಬಣ್ಣ ತುಂಬುವವನಾಗಿದ್ದ. ಚೌಕುಳಿ ಕಾಗದ, ಒಂದೊಂದು ಚೌಕಕ್ಕೆ ಒಂದೊಂದು ಬಣ್ಣ. ನೇಯುವವಳು ಅದನ್ನು ಕಣ್ಣೆದುರು ಇಟ್ಟುಕೊಂಡು ಚೌಕಕ್ಕೊಂದು ಗಂಟು ಹಾಕುತ್ತಾ ಹೋಗಬೇಕು. ಅಮ್ಮ ಇಲ್ಲದ ಮನೆ, ಮಾತು ಕಡಿಮೆಯ ಅಪ್ಪ. ಅವನ ಕೈತಪ್ಪಿ ಕೆಟ್ಟ ಹಾಳೆಗಳು, ತಟ್ಟೆಯ ತಳದಲ್ಲಿ ಉಳಿದ ಬಣ್ಣ, ಇವೇ ಅನೀಸಳ ಆಟದ ಸಾಮಾನು. ಮಿಕ್ಕ ಮಕ್ಕಳು ಬೀದಿಯಲ್ಲಿ ಕಿರುಚಾಡುತ್ತಿದ್ದಾಗ ಇವಳು ಒಳಗೆ ಕೂತು ಚೌಕ ತುಂಬುತ್ತಿದ್ದಳು. ಕತ್ತೆ, ಕೋಳಿ, ಮೇಷ್ಟರ ಮೂಗು, ಎಲ್ಲವೂ ಚೌಕಚೌಕ.

ಇವಳನ್ನು ಹುಡುಕಿಕೊಂಡು ಒಳಗೆ ಬರುತ್ತಿದ್ದವಳು ಪಕ್ಕದ ಮನೆಯ ಫಿರೂಜೆ ಒಬ್ಬಳೇ. ಬಂದವಳು ಸುಮ್ಮನೆ ಕೂರುವ ಪೈಕಿಯಲ್ಲ.

"ನನ್ನನ್ನ ಬರಿ," ಎಂದು ಗಲ್ಲ ಎತ್ತಿ ಕೂರುತ್ತಿದ್ದಳು. ಬರೆದು ತೋರಿಸಿದರೆ ಮೂತಿ ಉಬ್ಬಿಸುತ್ತಿದ್ದಳು. "ನನ್ನ ಮೂಗು ಇಷ್ಟು ದೊಡ್ಡದೇನೇ? ಎರಡು ಚೌಕ ಕಡಿಮೆ ಮಾಡು."

"ಇರೋದೇ ಅಷ್ಟು."

"ಇರೋದನ್ನ ಬರಿ ಅಂತ ಯಾರು ಹೇಳಿದ್ರು ನಿಂಗೆ?"

ಮುಖ ಬರೆದರೆ ಈ ತಂಟೆ. ಮುಖಗಳು ತಕರಾರು ಮಾಡುತ್ತವೆ, ಅಳುತ್ತವೆ, ಸಿಟ್ಟು ಮಾಡಿಕೊಂಡು ಎದ್ದು ಹೋಗುತ್ತವೆ. ಹೂವು ಏನೂ ಅನ್ನುವುದಿಲ್ಲ. ಮೊದಲೇ ಪುಕ್ಕಲು ಸ್ವಭಾವದ ಅನೀಸ್ ಮುಖಗಳ ಸಹವಾಸ ಬಿಟ್ಟು ಹೂವಿಗೆ ಅಂಟಿಕೊಂಡಳು. ಅವಳ ಬದುಕಿನಲ್ಲಿ ಮುಂದೆ ಆದದ್ದಕ್ಕೆಲ್ಲ ಇದೇ ಮೂಲ ಎಂದರೂ ತಪ್ಪಿಲ್ಲ.

ಅವಳು ಶಾಲೆ ಮುಗಿಸುವ ಹೊತ್ತಿಗೆ ಊರ ಸುತ್ತ ಕಾರ್ಖಾನೆಗಳೆದ್ದಿದ್ದವು. ಯಂತ್ರದ ರತ್ನಗಂಬಳಿ ಅಗ್ಗದ ಬೆಲೆಗೆ ರಾಶಿರಾಶಿ ಬರತೊಡಗಿತು, ಅಪ್ಪನ ಕುಂಚ ಒಣಗಿತು. ಅವನು ಕಿಟಕಿಯ ಹತ್ತಿರ ಕೂತ, ಮಗಳು ಪೇಟೆಯ ಸಬೂರಿಯ ಮುದ್ರಣಾಲಯಕ್ಕೆ ಕೆಲಸಕ್ಕೆ ಹೋದಳು. ಮದುವೆ ಕಾಗದ, ಮಿಠಾಯಿ ಡಬ್ಬಿಯ ಚೀಟಿ, ಸಾವಿನ ಹಾಳೆ, ಕತ್ತರಿಸು ಅಂಟಿಸು. ಸಬೂರಿ ಎಂದರೆ ತಾಳ್ಮೆ ಎಂದರ್ಥ, ಆ ಮನುಷ್ಯನಿಗೂ ಅದಕ್ಕೂ ಸ್ನಾನಸೂತಕದ ಸಂಬಂಧವೂ ಇರಲಿಲ್ಲ.

"ಇದೇನಮ್ಮ ಇದು, ಹೂವಾ ಎಲೆಕೋಸಾ?" ಎಂದು ಒಂದು ದಿನ ಹಾಳೆಯೊಂದನ್ನು ಅವಳ ಮುಂದೆ ಎಸೆದ. ಹೆಂಗಸರ ಹಾಳೆಗೆ ಹಾಕುತ್ತಿದ್ದದ್ದು ಯಾವುದೋ ಹಳೇ ಕ್ಯಾಲೆಂಡರಿನಿಂದ ಕತ್ತರಿಸಿದ ಮಸಿಮಸಿ ಹೂವು. "ನಮ್ಮಜ್ಜಿ ಏನು ಕೋಸು ಮಾರ್ತಿದ್ರಾ ಅಂತ ಒಬ್ಬ ಬಂದು ಜಗಳ ಆಡ್ಬಿಟ್ಟು ಹೋದ. ನೀನೇ ಏನಾದ್ರೂ ಬರಿ, ಸಂಜೆಯೊಳಗೆ ಬೇಕು."

ಸಂಜೆಯೊಳಗೆ ಬರೆದಳು. ಅಪ್ಪನ ಚೌಕುಳಿ ಹಾಳೆಯ ಮೇಲೆ ಮೊದಲು ಅಳತೆ, ಆಮೇಲೆ ಗೆರೆ. ಆ ಬಾಗಿದ ಎಸಳು ಮಾತ್ರ ಅಳತೆಗೆ ಸಿಗದೆ ತಾನಾಗಿ ಬಂತು. ಸಬೂರಿ ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ, ಬೈಯಲಿಲ್ಲ. ಅವನ ಬಾಯಿಂದ ಹೊಗಳಿಕೆ ಎಂದರೆ ಅಷ್ಟೇ. ಮಲೆಕೆ ಖಾನುಂ, ಎಂದರೆ ಮಲೆಕೆ ಅಮ್ಮಾವ್ರು, ಎಂಬ ಮುದುಕಿಯ ಹಾಳೆಯ ಮೇಲೆ ಗುಲಾಬಿ ಮೊದಲ ಸಲ ಅಚ್ಚಾಯಿತು. ಆಕೆಯ ಗಂಡ ಹಾಳೆ ಕೈಗೆ ತೆಗೆದುಕೊಂಡು, "ಥೇಟ್ ಅವಳೇ," ಎಂದು ಬಿಕ್ಕಿದ.

ಅನೀಸಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫಿರೂಜೆಯನ್ನು ಎಳೆದುಕೊಂಡು ಹೋಗಿ ರೊಟ್ಟಿ ಅಂಗಡಿಯ ಗೋಡೆಯ ಮುಂದೆ ನಿಲ್ಲಿಸಿದಳು. ಫಿರೂಜೆ ಆಗಲೇ ಪಾರ್ಲರಿನವಳೊಬ್ಬಳ ಕೈಕೆಳಗೆ ದಾರದಿಂದ ಹುಬ್ಬು ತೀಡುವುದನ್ನು ಕಲಿತಿದ್ದಳು.

"ಚೆನ್ನಾಗಿದೆ. ಯಾರಿದು?" ಎಂದಳು ಫಿರೂಜೆ.

"ಓದೋಕೆ ಬರಲ್ವಾ? ಮಲೆಕೆ ಖಾನುಂ."

"ಮಲೆಕೆ ಖಾನುಮಾ? ಅವರ ಗಲ್ಲದ ಮೇಲೆ ಒಂದು ಮಚ್ಚೆ ಇತ್ತು ಕಣೇ, ಅದರಲ್ಲಿ ಮೂರು ಕೂದ್ಲು. ನಾನೇ ಕೀಳ್ತಿದ್ದೆ. ಕಿತ್ತಾಗೆಲ್ಲ ನಮ್ಮಮ್ಮನ ಸಮೇತ ಬೈಯೋರು. ಎಲ್ಲಿ ಆ ಮಚ್ಚೆ?"

"ನಿಂಗೆ ಹೊಟ್ಟೆಕಿಚ್ಚು."

"ಹೂಂ, ಹೊಟ್ಟೆಕಿಚ್ಚೇ," ಎಂದು ಫಿರೂಜೆ ಅವಳ ತೋಳು ಹಿಡಿದು ನಕ್ಕಳು. ಆದರೆ ಹೊರಡುವಾಗ ಇನ್ನೊಂದು ಸಲ ಗೋಡೆಯ ಕಡೆ ತಿರುಗಿ ನೋಡಿದ್ದನ್ನು ಅನೀಸ್ ಗಮನಿಸಿದಳು.

ಮುಂದಿನದ್ದನ್ನು ಊರು ಏಳಿಗೆ ಎಂದು ಕರೆಯಿತು. ಸಬೂರಿ ಕಂಪ್ಯೂಟರ್ ತಂದು, ಮುಟ್ಟಿದರೆ ಕೆಡುತ್ತದೆ ಎಂದು ಅದಕ್ಕೆ ಹೂವಿನ ಬಟ್ಟೆ ಹೊದಿಸಿ ಇಟ್ಟಿದ್ದ. ಅವನು ನಮಾಜಿಗೆ ಹೋದಾಗಲೆಲ್ಲ ಅನೀಸ್ ಬಟ್ಟೆ ಎತ್ತಿದಳು. ಚಿತ್ರವನ್ನು ಹಿಗ್ಗಿಸುತ್ತಾ ಹಿಗ್ಗಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಚೌಕ, ಒಂದೊಂದು ಚೌಕಕ್ಕೆ ಒಂದೊಂದು ಬಣ್ಣ! ಮನೆಗೆ ಓಡಿ ಬಂದು ಅಪ್ಪನಿಗೆ ಹೇಳಿದಳು. ಅಪ್ಪ ಕಿಟಕಿಯಿಂದ ಮುಖ ತಿರುಗಿಸದೆ, "ಹಂಗಾದ್ರೆ ಅದರಲ್ಲೂ ಕಣ್ಣು ಹೋಗತ್ತೆ," ಎಂದ.

ಗುಲಾಬಿಯೂ ಕಂಪ್ಯೂಟರಿನೊಳಗೆ ಹೋಯಿತು, ಹೋದದ್ದು ಅಲ್ಲೇ ನಿಲ್ಲಲಿಲ್ಲ. ಸಬೂರಿ ಅದನ್ನು ಭಾವಮೈದನಿಗೆ ಕೊಟ್ಟ, ಅವನು ಕುಮ್ ಊರಿನ ಗೆಳೆಯನಿಗೆ ಕೊಟ್ಟ, ಅಲ್ಲಿಂದ ಯಾರು ಯಾರಿಗೆ ಕೊಟ್ಟರೋ ದೇವರೇ ಬಲ್ಲ. "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದರೆ, "ಪುಣ್ಯದ ಕೆಲ್ಸ, ಬಿಡಮ್ಮ," ಎಂದ. ಪುಣ್ಯ ಎಂದ ಮೇಲೆ ಬಾಯಿ ಮುಚ್ಚಿಕೊಳ್ಳಬೇಕಲ್ಲ, ಮುಚ್ಚಿಕೊಂಡಳು.

ಆಮೇಲೆ ಅವಳದೇ ಅಂಗಡಿಯಾಯಿತು. ಬಾಗಿಲ ಮೇಲೆ ಹೆಸರು, ಹೆಸರಿನ ಕೆಳಗೆ ಗ್ರಾಫಿಕ್ ಡಿಸೈನರ್ ಎಂಬ ಪದವಿ. ಪನ್ನೀರಿನ ಬಾಟಲಿ, ಕೇಸರಿಯ ಡಬ್ಬಿ, ಔಷಧಿ ಬೇರಿನ ಪೊಟ್ಟಣ, ಎಲ್ಲಕ್ಕೂ ಅವಳ ಕೈಯ ಅಂಗಿ. ಯಾರ ಮನೆಗೆ ಹೋದರೂ ಅಡುಗೆಮನೆಯ ಕಪಾಟಿನಲ್ಲಿ ಅವಳ ಕೆಲಸ ಇರುತ್ತಿತ್ತು. ಆದರೆ ಯಾರ ಮನೆಗೂ ಅವಳು ಹೋಗುತ್ತಿರಲಿಲ್ಲ, ಕರೆಯುವವರೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ. ಹೆಣ್ಣು ನೋಡಲು ಬಂದವರು ಕೆಲವರಿದ್ದರು. ಹುಡುಗಿ ಸಾವಿನ ಹಾಳೆ ಮಾಡುವವಳು ಎಂದು ತಿಳಿದು ಚಹಾ ಕುಡಿದು ಎದ್ದು ಹೋದರು.

ಟೆಹರಾನಿನಲ್ಲಿ ಅವಳ ಪನ್ನೀರಿನ ಬಾಟಲಿಗೆ ಬಹುಮಾನ ಬಂತು. ವೇದಿಕೆಯ ಮೇಲೆ ಚಪ್ಪಾಳೆ, ಕೆಳಗಿಳಿದ ಮೇಲೆ ಯಾರೂ ಇಲ್ಲ. ಎಲ್ಲರೂ ತಂತಮ್ಮವರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅನೀಸ್ ಗೋಡೆಗೆ ಆತು ನಿಂತು ಫಿರೂಜೆಗೆ ಫೋನ್ ಮಾಡಿದಳು.

"ಬಹುಮಾನ ಬಂತು ಕಣೇ."

"ಏನ್ ಕೊಟ್ರು?"

"ಗಾಜಿಂದು ಒಂದು ತುಂಡು."

"ಅಷ್ಟು ದೂರ ಹೋಗಿ ಗಾಜು ತಂದ್ಯಾ? ಬಾ, ಬೇಗ ಬಾ. ಹುರುಳಿಕಾಳು ಮಾಂಸ ಹಾಕಿ ಮಾಡಿದೀನಿ, ತಣ್ಣಗಾದ್ರೆ ನಾನು ಜವಾಬ್ದಾರಳಲ್ಲ."

ಅನೀಸಳಿಗೆ ಇದ್ದ ಮನೆ ಎಂದರೆ ಇದೊಂದೇ, ಫಿರೂಜೆಯ ಪಾರ್ಲರಿನ ಹಿಂದಿನ ಕೋಣೆ. ಫಿರೂಜೆ ಒಬ್ಬ ಲಾರಿ ಡ್ರೈವರನನ್ನು ಮದುವೆಯಾಗಿ, ಬಿಟ್ಟು, ಬರಿಗೈಯಲ್ಲಿ ವಾಪಸು ಬಂದು ಸ್ವಂತ ಪಾರ್ಲರ್ ತೆರೆದಿದ್ದಳು. ಮಧ್ಯಾಹ್ನದ ಊಟ ಇಬ್ಬರದೂ ಅಲ್ಲೇ. ದಪ್ಪ ಪರದೆಯ ಆಚೆ ಊರಿನ ಹೆಂಗಸರೆಲ್ಲ ಮೈತುಂಬ ಹೊದ್ದ ಚಾದರ್ ಕಳಚಿ, ಕನ್ನಡಿಯ ಮುಂದೆ ಕೂತು, ಗಂಡಂದಿರ ಗುಟ್ಟು ಹೇಳಿಕೊಂಡು ನಗುತ್ತಿದ್ದರು. ಈಚೆ ಅನೀಸ್ ಒಬ್ಬಳೇ ಪೆನ್ಸಿಲ್ ಹಿಡಿದು ಆ ನಗು ಕೇಳುತ್ತಿದ್ದಳು. ಗಿರಾಕಿಗಳು ಹೋದ ಮೇಲೆ ಫಿರೂಜೆ ಕೇಳದೆಯೇ ಅವಳ ಗಲ್ಲ ಹಿಡಿದೆತ್ತಿ, ಹಲ್ಲಿನಲ್ಲಿ ದಾರ ಕಚ್ಚಿ, ಹುಬ್ಬು ತೀಡುತ್ತಿದ್ದಳು. ಅನೀಸಳ ಮುಖವನ್ನು ಮುಟ್ಟುತ್ತಿದ್ದ ಕೈ ಈ ಲೋಕದಲ್ಲಿ ಅದೊಂದೇ.

"ನೀನು ಹೂವು ಬರಿ, ನಾನು ಮುಖ ಬರೀತೀನಿ," ಎನ್ನುತ್ತಿದ್ದಳು. "ಕೊನೆಗೆ ನೀನು ಬಂದು ನನ್ನ ಕೆಲ್ಸದ ಮೇಲೆಲ್ಲ ಕೋಸು ಇಟ್ಟು ಮುಚ್ತೀಯಾ."

ಅದೇ ಫಿರೂಜೆಗೆ ಕಾಯಿಲೆ ಬಂತು. ಹೊಟ್ಟೆಯೊಳಗಿನ ಗಡ್ಡೆ, ಹೆಸರು ಹೇಳುವುದಕ್ಕೆ ಡಾಕ್ಟರೇ ತಡವರಿಸಿದ. ಔಷಧಿ ಶುರುವಾದರೆ ಕೂದಲು, ಹುಬ್ಬು, ರೆಪ್ಪೆ ಎಲ್ಲ ಉದುರುತ್ತವೆ ಎಂದಾಗ ಅವಳು ಆಸ್ಪತ್ರೆಯಲ್ಲೇನೂ ಅಳಲಿಲ್ಲ. ಮನೆಗೆ ಬಂದು, ಬಾಗಿಲು ಹಾಕಿ, ಕನ್ನಡಿಯ ಮುಂದೆ ಕೂತಳು. ಮದುವಣಗಿತ್ತಿಗೆ ಮಾಡುವ ಹಾಗೆ ತನಗೇ ಅಲಂಕಾರ ಮಾಡಿಕೊಂಡಳು. ಹುಬ್ಬು, ಕಾಡಿಗೆ, ದಾಳಿಂಬೆ ಬಣ್ಣದ ಲಿಪ್‌ಸ್ಟಿಕ್. ಆಮೇಲೆ ಅನೀಸಳಿಗೆ ಹೇಳಿಕಳಿಸಿದಳು.

"ಫೋಟೋ ತೆಗಿ. ತಲೆ ಮೇಲೆ ಸ್ಕಾರ್ಫ್ ಹಾಕ್ಕೊಂಡೇ ಕೂರ್ತೀನಿ, ನಮ್ಮಣ್ಣನ ಎದೆ ಒಡೀದೆ ಇರ್ಲಿ."

"ಯಾತಕ್ಕೆ ಈಗ ಫೋಟೋ?"

"ಗೋಡೆಗೆ. ಸುಮ್ನೆ ಅಳ್ಬೇಡ, ಕೈ ಅಲ್ಲಾಡಿದ್ರೆ ನಾನು ಮಸಿಮಸಿ ಬರ್ತೀನಿ. ಕೇಳಿಲ್ಲಿ ಅನೀಸ್ ಜಾನ್, ನಾನು ಊರಿಗೆಲ್ಲ ಮುಖ ಮಾಡಿಕೊಟ್ಟೋಳು. ನಂದೇ ಮುಖ ಇಲ್ದೆ ಹೋಗಲ್ಲ. ನಿನ್ನ ಕೋಸು ತಂದು ನನ್ನ ಮೇಲಿಟ್ಯೋ, ಎದ್ದು ಬಂದು ಜಡೆ ಹಿಡಿದು ಎಳೀತೀನಿ. ಮಾತು ಕೊಡು."

"ಕೊಟ್ಟೆ."

"ನಗ್ತಾ ಕೊಡು."

ನಗುತ್ತಲೇ ಕೊಟ್ಟಳು. ಆ ಚಳಿಗಾಲ ದಾಟುವ ಮುಂಚೆ ಫಿರೂಜೆ ಹೋದಳು.

ಬೆಳಿಗ್ಗೆ ಅನೀಸ್ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಫಿರೂಜೆಯ ಅಣ್ಣ ಹಾಜಿ ಕುದ್ರತ್ ಮೆಟ್ಟಿಲ ಮೇಲೆ ನಿಂತಿದ್ದ. ಬಟ್ಟೆ ವ್ಯಾಪಾರಿ, ನಾಲ್ಕು ಜನಕ್ಕೆ ಬೇಕಾದವನು. ಕಣ್ಣು ಕೆಂಪಗಿದ್ದವು, ಅಂಗಿಯ ಗುಂಡಿ ಮೇಲುಕೆಳಗಾಗಿತ್ತು. ಅವನೊಬ್ಬ ಕೆಟ್ಟ ಮನುಷ್ಯನಾಗಿದ್ದರೆ ಅನೀಸಳ ಕೆಲಸ ಎಷ್ಟೋ ಸುಲಭವಾಗುತ್ತಿತ್ತು.

"ಖಾನುಂ, ನಿಮ್ಗೆ ಹೇಳೋದೇನಿದೆ. ಮಧ್ಯಾಹ್ನದ ನಮಾಜಿನೊಳಗೆ ಹಾಳೆ ಗೋಡೆ ಮೇಲೆ ಇರ್ಬೇಕು. ನಿಮ್ಮ ಹೂವು ಹಾಕಿಬಿಡಿ."

"ಫೋಟೋ ಇದೆ ಹಾಜಿ. ಅವಳೇ ತೆಗೆಸಿಕೊಂಡಿದ್ದು. ಇದನ್ನೇ ಹಾಕ್ಬೇಕು ಅಂತ ಮಾತು ತಗೊಂಡಿದ್ಲು."

ಹಾಜಿ ಫೋಟೋ ನೋಡಿದ, ತಕ್ಷಣ ಕಣ್ಣು ಪಕ್ಕಕ್ಕೆ ತಿರುಗಿಸಿದ.

"ಕಾಯಿಲೆಯವ್ರು ಏನೇನೋ ಹೇಳ್ತಾರೆ."

"ಕಾಯಿಲೆಗೆ ಮುಂಚೆನೂ ಹೇಳ್ತಿದ್ಲು."

"ಬೀದಿ ಗೋಡೆ ಮೇಲೆ ನನ್ನ ತಂಗಿ ಮುಖ! ಹೋಗೋರು ಬರೋರೆಲ್ಲ ನೋಡ್ಲಿ ಅಂತಾನಾ? ಮಳೇಲಿ ನೆಂದು, ಹರಿದು, ಕಂಡೋರ ಕಾಲಡಿಗೆ ಬೀಳ್ಲಿ ಅಂತಾನಾ?"

"ನಿಮ್ಮಪ್ಪನ ಮುಖ ಹಾಕಿದ್ರಲ್ಲ. ಅದೂ ನೆನೀತು."

"ಅಪ್ಪನ ವಿಷ್ಯ ಬೇರೆ," ಎಂದ ಹಾಜಿ. ಎಷ್ಟು ಬೇರೆ ಎಂದು ವಿವರಿಸಲು ಹೊರಟು, ಆಗದೆ, ಕುರ್ಚಿಯ ಮೇಲೆ ಕುಸಿದು ಕೂತ. ಕೂತಲ್ಲಿಂದಲೇ ಮೆತ್ತಗೆ ಕೇಳಿದ. "ಹೂವಿಗೇನಾಗಿದೆ ಖಾನುಂ? ನಮ್ಮಮ್ಮ ಹೋದಾಗಲೂ ನಿಮ್ಮ ಹೂವೇ ಹಾಕಿದ್ದು. ಗೋಡೆ ಮುಂದೆ ನಿಂತು ಮಗು ಥರ ಅತ್ತಿದ್ದೀನಿ ನಾನು. ಬರೆದ ಕೈ ತಣ್ಣಗಿರ್ಲಿ ಅಂದಿದ್ದೀನಿ. ಊರಿಗೆಲ್ಲ ಹಂಚಿದೋರು ನೀವು. ನಮ್ಮನೆ ಸರದಿ ಬಂದಾಗ ಬೇಡ ಅಂತೀರಲ್ಲ, ಇದು ನ್ಯಾಯಾನಾ?"

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬೇರೆ ಯಾರ ಹೂವಾಗಿದ್ದರೂ ಬೈಯಬಹುದಿತ್ತು, ಇದು ಅವಳದೇ. ಮೆಚ್ಚಿಸುವುದಕ್ಕೆಂದೇ ಬರೆದದ್ದು, ಎಲ್ಲರೂ ಮೆಚ್ಚಿದ್ದರು.

"ನಾನು ಹಾಕಲ್ಲ ಹಾಜಿ," ಎಂದಳು ಕೊನೆಗೆ.

ಹಾಜಿ ಎದ್ದ. ಸಿಟ್ಟು ಮಾಡಲಿಲ್ಲ. "ಅವಳ ಮೇಲೆ ನಿಮ್ಗಿರೋ ಪ್ರೀತಿ ನಂಗೊತ್ತು. ಆದ್ರೆ ಮನೆಯವ್ರು ನಾವು," ಎಂದು ಹೇಳಿ ಹೋದ.

ತಾನು ಒಲ್ಲೆ ಎಂದರೆ ಕೆಲಸ ನಿಲ್ಲುತ್ತದೆ ಎಂದುಕೊಂಡಿದ್ದಳಲ್ಲ, ಎಂಥ ಪೆದ್ದು! ಊರಿನ ಯಾವ ಮುದ್ರಣಾಲಯದಲ್ಲಿ ಆ ಗುಲಾಬಿ ಇರಲಿಲ್ಲ? ಮಧ್ಯಾಹ್ನದ ನಮಾಜಿಗೆ ಕರೆ ಬರುವ ಮೊದಲೇ ಬೀದಿಯ ಉದ್ದಕ್ಕೂ ಹಾಳೆಗಳು ಎದ್ದಿದ್ದವು. ಅವಳ ಅಂಗಡಿಯ ಕಂಬಕ್ಕೂ ಒಂದು. ಹಾಜಿ ಕುದ್ರತರ ಸಹೋದರಿ ಬಾನು ಫಿರೂಜೆ, ಮೇಲೆ ಗುಲಾಬಿ, ಬಾಗಿದ ಎಸಳು. ಕೆಳಗೆ ಶೋಕದಲ್ಲಿರುವ ಮನೆತನಗಳ ಹೆಸರು. ಹೆಣ್ಣು ಕೊಟ್ಟವರು, ತಂದವರು, ಫಿರೂಜೆ ಜೀವಮಾನದಲ್ಲಿ ಮಾತಾಡಿಸದ ದಾಯಾದಿಗಳು, ಎಲ್ಲರೂ ಅಲ್ಲಿದ್ದರು. ಗೆಳತಿಗೆ ಆ ಹಾಳೆಯಲ್ಲಿ ಜಾಗವಿಲ್ಲ. ಅದು ಅನೀಸಳಿಗೆ ಮೊದಲೇ ಗೊತ್ತಿತ್ತು, ಅಂಥ ಹಾಳೆಗಳನ್ನು ಮಾಡಿಯೇ ಅಲ್ಲವೇ ಅವಳು ದೊಡ್ಡವಳಾದದ್ದು. ಆದರೂ ಮೇಲಿಂದ ಕೆಳಗೆ ಓದಿದಳು, ಇನ್ನೊಂದು ಸಲ ಓದಿದಳು.

ಒಳಗೆ ಹೋಗಿ ಯಂತ್ರ ಚಾಲೂ ಮಾಡಿದಳು. ಹಾಳೆಯ ತುಂಬ ಫಿರೂಜೆಯ ಮುಖ, ಮುಖದ ಕೆಳಗೆ ಫಿರೂಜೆ ಎಂಬ ಒಂದೇ ಮಾತು. ಯಾರ ತಂಗಿಯೂ ಅಲ್ಲ, ಯಾರ ಮಗಳೂ ಅಲ್ಲ. ಮಾರನೇ ಬೆಳಿಗ್ಗೆ, ಮೈದಾ ಅಂಟಿನ ಬಕೆಟ್ಟು ಒಂದು ಕೈಯಲ್ಲಿ, ಹಾಳೆಗಳ ಸುರುಳಿ ಇನ್ನೊಂದರಲ್ಲಿ ಹಿಡಿದು ಹೊರಟಳು. ಐವತ್ತರ ಹತ್ತಿರದ ಹೆಂಗಸು, ಯಾರ ಎದುರೂ ದನಿ ಎತ್ತಿದವಳಲ್ಲ, ಗೋಡೆಗೆ ಅಂಟು ಬಳಿಯುತ್ತಿರುವುದನ್ನು ನೋಡಿ ರೊಟ್ಟಿಯ ಸರದಿಯೇ ಸ್ತಬ್ಧವಾಯಿತು.

"ಯಾವ ಮನೆಯವ್ರು ಖಾನುಂ ಇವರು?" ಎಂದ ಒಬ್ಬ ಗಂಡಸು.

"ಪಾರ್ಲರ್ ಫಿರೂಜೆ."

ಅವನು ನೆಲ ನೋಡಿದ. ಹೆಂಗಸರ ಸಾಲಿನಿಂದ ಒಬ್ಬಳು, ತನ್ನ ಸರದಿ ಹೋದರೂ ಹೋಗಲಿ ಎಂದು, ಚಾದರ್ ಹಲ್ಲಿನಲ್ಲಿ ಕಚ್ಚಿ ಮುಂದೆ ಬಂದಳು. ಫೋಟೋದ ಹತ್ತಿರ ನಿಂತು ನೋಡುತ್ತಾ ನೋಡುತ್ತಾ ತನ್ನ ಹುಬ್ಬನ್ನು ತಾನೇ ಒಮ್ಮೆ ಸವರಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಅನೀಸ್ ಬಕೆಟ್ಟು ಎತ್ತಿಕೊಂಡು ಮುಂದಿನ ಗೋಡೆಗೆ ಹೋದಳು.

ಸಂಜೆಯ ಹೊತ್ತಿಗೆ ಹಾಜಿಯ ಅಂಗಡಿಯ ಆಳುಗಳು ಬಂದು ಹೋಗಿದ್ದರು. ಹರಿಯಬೇಡಿ, ಪಾಪ ಎಂದು ಹಾಜಿ ಹೇಳಿ ಕಳಿಸಿದ್ದನಂತೆ. ಹರಿದಿರಲಿಲ್ಲ. ಪ್ರತಿ ಮುಖದ ಮೇಲೂ ಹೊಸ ಹಾಳೆ ಹಚ್ಚಿದ್ದರು, ಅಂಚಿಗೆ ಅಂಚು ಕೂಡಿಸಿ, ನೀಟಾಗಿ. ಫಿರೂಜೆಯ ಕಣ್ಣು, ಬಾಯಿ ಇದ್ದ ಜಾಗಕ್ಕೆ ಸರಿಯಾಗಿ ಗುಲಾಬಿ ಬಂದು ಕೂತಿತ್ತು. ಅನೀಸ್ ರೊಟ್ಟಿ ಅಂಗಡಿಯ ಗೋಡೆಯ ಮುಂದೆ ನಿಂತಳು. ಉಗುರಿನಿಂದ ಒಂದು ಮೂಲೆ ಎಬ್ಬಿಸಲು ನೋಡಿದಳು. ಅಂಟು ಹಸಿಯಾಗಿತ್ತು, ಎಳೆದರೆ ಮುಖವೂ ಜೊತೆಗೆ ಕಿತ್ತು ಬರುತ್ತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡಳು. ಕೊಟ್ಟ ಮಾತು ಒಂದು ದಿನವೂ ಬಾಳಲಿಲ್ಲವಲ್ಲ ಎಂದು ಬೀದಿಯಲ್ಲೇ ನಿಂತು ಅತ್ತಳು.

ಶೋಕದ ಸಭೆಯಲ್ಲಿ ಹೆಂಗಸರ ಕಡೆ ಮುಂದಿನ ಸಾಲು ಮನೆಯವರದು. ಹಾಜಿಯ ಹೆಂಡತಿ ಬತೂಲ್, ಅವಳ ಹೆಣ್ಣುಮಕ್ಕಳು. ಬಂದವರೆಲ್ಲ ಬಗ್ಗಿ ಅವರ ಕೆನ್ನೆಗೆ ಕೆನ್ನೆ ತಾಗಿಸಿ ಸಮಾಧಾನ ಹೇಳುತ್ತಿದ್ದರು. ಅನೀಸ್ ಹಿಂದೆ, ಚಪ್ಪಲಿಗಳ ಹತ್ತಿರ ಕೂತಳು. ಹಲ್ವಾ ಹಂಚುತ್ತಿದ್ದವಳು, "ನೀವು ಅವರ ಫ್ರೆಂಡ್ ಅಲ್ವಾ? ಪಾಪ," ಎಂದು ತಟ್ಟೆ ಮುಂದೆ ಹಿಡಿದು ಮುಂದೆ ಹೋದಳು. ಅನೀಸಳಿಗೆ ಆ ದಿನ ಸಿಕ್ಕ ಸಮಾಧಾನದ ಮಾತು ಅಷ್ಟೇ.

ಸತ್ತವರ ಮನೆಯ ಹೆಂಗಸರು ನಲವತ್ತು ದಿನ ಕಪ್ಪು ಬಿಡುವುದಿಲ್ಲ, ಹುಬ್ಬು ತೀಡಿಸುವುದಿಲ್ಲ. ನಲವತ್ತು ಕಳೆದ ಮೇಲೆ ಬಳಗದ ಹಿರಿಯರು ಬಣ್ಣದ ಬಟ್ಟೆ ತಂದು ಹೊದಿಸಿ, ಪಾರ್ಲರಿಗೆ ಕರೆದುಕೊಂಡು ಹೋಗಿ, ಅವರನ್ನು ದುಃಖದಿಂದ ಹೊರಗೆ ತರಬೇಕು. ತಾವಾಗಿ ಯಾರೂ ಬರುವ ಹಾಗಿಲ್ಲ. ಅನೀಸ್ ಯಾರಿಗೂ ಹೇಳದೆ ಕಪ್ಪು ಉಟ್ಟಳು, ಹುಬ್ಬು ಬೆಳೆಯಲು ಬಿಟ್ಟಳು. ಅವಳು ಮೊದಲೂ ಕಪ್ಪು ಉಡುತ್ತಿದ್ದವಳೇ, ಹಾಗಾಗಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಹುಬ್ಬು ಮಾತ್ರ ಬಿತ್ತು. "ಫಿರೂಜೆ ಅಂಗಡಿ ಮುಚ್ತು ನೋಡಿ, ಅನೀಸ್ ಖಾನುಂ ಹುಬ್ಬಿಗೆ ಗತಿ ಇಲ್ದಂಗಾಯ್ತು," ಎಂದು ಎದುರಿನ ಔಷಧಿ ಅಂಗಡಿಯವಳು ನಕ್ಕಳು. ಅನೀಸಳೂ ನಕ್ಕಳು.

ಮಧ್ಯಾಹ್ನದ ಊಟ ಈಗ ಕಂಪ್ಯೂಟರಿನ ಮುಂದೆ, ರೊಟ್ಟಿ, ಪನೀರ್. ಹೆಂಗಸರ ಸಾವಿನ ಹಾಳೆ ಎಂದು ಬಂದವರಿಗೆ, "ಹೂವಿನ ಕೆಲ್ಸ ಬಿಟ್ಟಿದ್ದೀನಿ," ಎಂದು ಹೇಳಿ ಕಳಿಸುತ್ತಿದ್ದಳು. ಅವರು ಪಕ್ಕದ ಬೀದಿಗೆ ಹೋಗಿ ಅದೇ ಹೂವು ಹಾಕಿಸಿಕೊಳ್ಳುತ್ತಿದ್ದರು. ನಲವತ್ತನೆಯ ದಿನ ಹಾಜಿಯ ಮನೆಗೆ ಬಳಗದವರು ಬಟ್ಟೆ ಹೊತ್ತು ಹೋದದ್ದನ್ನು ಅಂಗಡಿಯ ಗಾಜಿನಿಂದ ನೋಡಿದಳು. ಸಂಜೆಯವರೆಗೂ ಯಾಕೋ ಬಾಗಿಲ ಕಡೆಗೇ ಕಣ್ಣು ಹೋಗುತ್ತಿತ್ತು. ಆಮೇಲೆ ತನ್ನ ಹುಚ್ಚಿಗೆ ತಾನೇ ನಾಚಿಕೊಂಡು ಬಾಗಿಲು ಹಾಕಿದಳು.

ಮಾರನೇ ದಿನ ಬತೂಲ್ ಬಂದಳು. ಬಾಗಿಲಲ್ಲಿ ನಿಂತು ಬೀದಿಯ ಎರಡೂ ಕಡೆ ನೋಡಿ ಒಳಗೆ ಸೇರಿ ಚಿಲಕ ಹಾಕಿದಳು.

"ಮೊಸರು ತರ್ತೀನಿ ಅಂತ ಬಂದಿದ್ದೀನಿ. ಹಾಜಿಗೆ ಗೊತ್ತಿಲ್ಲ," ಎಂದು ಚೀಲದೊಳಗೆ ಕೈ ಹಾಕಿ ತನ್ನದೇ ಒಂದು ಫೋಟೋ ತೆಗೆದಿಟ್ಟಳು. ಮಶ್‌ಹದ್ ಯಾತ್ರೆಗೆ ಹೋದಾಗ ತೆಗೆಸಿಕೊಂಡದ್ದು, ಅದರಲ್ಲಿ ಐಸ್‌ಕ್ರೀಮ್ ಹಿಡಿದು ಬಾಯಿ ತುಂಬ ನಗುತ್ತಿದ್ದಳು. "ಇದು ನಿಮ್ಮ ಹತ್ರ ಇರ್ಲಿ. ಐಸ್‌ಕ್ರೀಮ್ ಅಳಿಸ್ಬಿಡಿ. ನನ್ನ ಹೊತ್ತು ಬಂದಾಗ ಇದನ್ನೇ ಅಂಟಿಸ್ಬೇಕು."

"ಮತ್ತೆ ಮುಚ್ಚಿಬಿಡ್ತಾರೆ, ಬತೂಲ್ ಖಾನುಂ."

"ಮುಚ್ಲಿ. ಅವರು ಮುಚ್ಚೋದು ಸಂಜೆಗೆ ತಾನೇ? ನೀವು ಬೆಳಿಗ್ಗೆ ರೊಟ್ಟಿ ಹೊತ್ತಿಗೆ ಅಂಟಿಸಿ. ಅಷ್ಟು ಹೊತ್ತು ಸಾಕು ನಂಗೆ. ಫಿರೂಜೆನ ಊರೆಲ್ಲ ನೋಡ್ತು, ನಿಮ್ಗೆ ಗೊತ್ತಾ? ಮನೇಲಿದ್ದೋರೂ ರೊಟ್ಟಿ ನೆಪ ಮಾಡ್ಕೊಂಡು ಬಂದ್ರು. ನಾನೂ ಹೋಗಿ ನಿಂತು ನೋಡ್ದೆ." ಬತೂಲ್ ದನಿ ತಗ್ಗಿಸಿದಳು. "ಲಿಪ್‌ಸ್ಟಿಕ್ ಮಾತ್ರ ಒಂಚೂರು ಜಾಸ್ತಿ ಆಗಿತ್ತು."

ಅನೀಸಳಿಗೆ ನಗು ತಡೆಯಲಾಗಲಿಲ್ಲ. ಬತೂಲಳೂ ನಕ್ಕಳು. ನಗುತ್ತಾ ನಗುತ್ತಾ ಅವಳ ಕಣ್ಣು ಅನೀಸಳ ಮುಖದ ಮೇಲೆ ನಿಂತವು. ಬತೂಲಳ ಹುಬ್ಬುಗಳು ನಿನ್ನೆ ತಾನೇ ತೀಡಿಸಿಕೊಂಡು ಕೆಂಪಗಿದ್ದವು. ಅನೀಸಳವು ಕಾಡಿನ ಹಾಗೆ ಬೆಳೆದಿದ್ದವು. ಬತೂಲಳ ನಗು ಹಾಗೇ ಇಂಗಿತು.

"ಅಯ್ಯೋ, ನೀವೂ ನಲವತ್ತು ದಿನ ಶೋಕ ಹಿಡಿದಿದ್ರಾ?"

ಅನೀಸ್ ಹುಬ್ಬಿಗೆ ಕೈ ಅಡ್ಡ ಹಿಡಿದಳು.

"ಹೊರಗೆ ತರೋಕೆ ಯಾರೂ ಬರ್ಲಿಲ್ವಾ?"

"ಯಾರು ಬರ್ಬೇಕಿತ್ತು?" ಎಂದಳು ಅನೀಸ್. ಚುಚ್ಚಬೇಕೆಂದು ಅಂದದ್ದಲ್ಲ. ನಿಜವಾಗಿಯೂ ಉತ್ತರ ಗೊತ್ತಿಲ್ಲದೆ ಕೇಳಿದ್ದಳು.

ಬತೂಲ್ ತನ್ನ ಚೀಲದೊಳಗೆ ನೋಡಿದಳು. ಬಟ್ಟೆ ತಂದಿರಲಿಲ್ಲ, ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ಚಾದರ್ ಭುಜಕ್ಕೆ ಇಳಿಸಿ, ಅದರೊಳಗೆ ಕಟ್ಟಿಕೊಂಡಿದ್ದ ಹೊಸ ಹಸಿರು ಸ್ಕಾರ್ಫನ್ನು ಬಿಚ್ಚಿದಳು. ಅವಳನ್ನು ಹೊರಗೆ ತರಲು ನಿನ್ನೆ ಬಳಗ ಹೊದಿಸಿದ್ದೇ ಅದು. ಅನೀಸಳ ತಲೆಯಿಂದ ಕಪ್ಪು ಬಟ್ಟೆಯನ್ನು ಮೆಲ್ಲಗೆ ಎಳೆದು ತೆಗೆದು, ಹಸಿರನ್ನು ಹೊದಿಸಿ, ಗಲ್ಲದ ಕೆಳಗೆ ಗಂಟು ಹಾಕಿದಳು. ಗಂಟು ಹಾಕುವಾಗ ಅವಳ ಬೆರಳು ಅನೀಸಳ ಕೆನ್ನೆಗೆ ತಗುಲಿತು. ಅನೀಸ್ ಕಣ್ಣು ಮುಚ್ಚಿಕೊಂಡಳು.

"ಇದೇ ನಿಮ್ಮ ಕೊನೇ ದುಃಖ ಆಗ್ಲಿ," ಎಂದಳು ಬತೂಲ್.

ಹೊರಗೆ ತರುವಾಗ ಎಲ್ಲರಿಗೂ ಹೇಳುವ ಮಾತೇ ಅದು. ಹೇಳುವವರೂ ಕೇಳುವವರೂ ಅದನ್ನು ನಂಬುವುದಿಲ್ಲ, ಎಲ್ಲರಿಗೂ ಮನೆಯಲ್ಲಿ ಇನ್ನೂ ಯಾರಾದರೂ ಇರುತ್ತಾರಲ್ಲ. ಬತೂಲ್ ಚಾದರನ್ನು ಬರಿತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು, ಮೊಸರು ತರಲು ಹೊರಟುಹೋದಳು. ಅನೀಸ್ ಹಸಿರು ಸ್ಕಾರ್ಫಿನಲ್ಲಿ ಒಬ್ಬಳೇ ಕೂತು ಯೋಚಿಸಿದಳು. ಅವಳ ವಿಷಯದಲ್ಲಿ ಆ ಹಾರೈಕೆ ಸುಳ್ಳಾಗುವುದು ಸಾಧ್ಯವೇ ಇರಲಿಲ್ಲ. ಕಳೆದುಕೊಂಡು ಅಳುವುದಕ್ಕೆ ಅವಳಿಗೆ ಇನ್ನು ಯಾರೂ ಉಳಿದಿರಲಿಲ್ಲ.